ಗಡ್ಡ ಬಿಟ್ಟರಷ್ಟೇ ಸಾಕೇ?

ಗಡ್ಡದಿಂದಾಗುವ ತೊಂದರೆಗಳ ಬಗ್ಗೆ ಈ ಪುಟದಲ್ಲಿ ಬರೆದರೆ ಕೆಲವರಿಗೆ ಕಸಿವಿಸಿಯಾಗಬಹುದು. ಗಡ್ಡ ನಮಗೆ ಫ್ಯಾಶನ್ ಅಲ್ಲ, ಸುನ್ನತ್. ಅದರ ಕಷ್ಟಗಳನ್ನು ಹೇಳಿದರೆ ಸುನ್ನತ್ತನ್ನೇ ಹಳಿದಂತೆ ಎಂಬ ಅಳುಕು ನಮ್ಮಲ್ಲಿದೆ. ಹೀಗಾಗಿ ಗಡ್ಡದೊಳಗೆ ತುರಿಕೆ, ಹೊಟ್ಟು, ಕೀವುಗುಳ್ಳೆ ಏನೇ ಇದ್ದರೂ ಯಾರೊಡನೆಯೂ ಹೇಳಿಕೊಳ್ಳುವುದಿಲ್ಲ. ಚರ್ಮವೈದ್ಯರ ಬಳಿ ಹೋದರೆ ಮೊದಲು ಗಡ್ಡ ಬೋಳಿಸಿ ಎಂದುಬಿಟ್ಟರೆ ಎಂಬ ಹೆದರಿಕೆ ಬೇರೆ. ಈ ಮೌನದಿಂದ ಗಡ್ಡಕ್ಕೂ ಒಳಿತಾಗಿಲ್ಲ, ಚರ್ಮಕ್ಕೂ ಒಳಿತಾಗಿಲ್ಲ.

ಮೊದಲು ಒಂದು ಅಪವಾದವನ್ನು ಬದಿಗಿಡೋಣ. ಗಡ್ಡದಲ್ಲಿ ನಾಯಿಯ ತುಪ್ಪಳಕ್ಕಿಂತ ಹೆಚ್ಚು ರೋಗಾಣುಗಳಿವೆ ಎಂಬ ಸುದ್ದಿ ಆಗಾಗ ಮೊಬೈಲಿನಲ್ಲಿ ಹರಿದಾಡುತ್ತದೆ. ಅದರ ಮೂಲ ಸ್ವಿಟ್ಜರ್ಲೆಂಡಿನ ಒಂದು ಸಣ್ಣ ಅಧ್ಯಯನ. ನಾಯಿಗಳನ್ನೂ ಮನುಷ್ಯರನ್ನೂ ಒಂದೇ ಎಂ.ಆರ್.ಐ. ಯಂತ್ರದಲ್ಲಿ ಪರೀಕ್ಷಿಸಬಹುದೇ ಎಂದು ತಿಳಿಯಲು 18 ಗಡ್ಡಧಾರಿಗಳನ್ನೂ 30 ನಾಯಿಗಳನ್ನೂ ಹೋಲಿಸಿದ್ದರು. ಗಡ್ಡವಿಲ್ಲದ ಗಂಡಸರೊಡನೆ ಹೋಲಿಸಿಯೇ ಇರಲಿಲ್ಲ. ಹಾಗೆ ಹೋಲಿಸಿದ್ದು ಅಮೆರಿಕದಲ್ಲಿ. 408 ಮಂದಿ ಆಸ್ಪತ್ರೆ ನೌಕರರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಬೋಳಿಸಿದ ಮುಖಗಳಿಗಿಂತ ಗಡ್ಡದ ಮುಖಗಳಲ್ಲಿ ರೋಗಾಣು ಹೆಚ್ಚಿರಲಿಲ್ಲ. ಕೆಲವು ಬಗೆಯವು ಕಡಿಮೆಯೇ ಇದ್ದವು. ಆದ್ದರಿಂದ ಗಡ್ಡ ಎಂದರೆ ಕೊಳಕು ಎಂಬ ಮಾತಿಗೆ ಆಧಾರವಿಲ್ಲ. ಆದರೆ ನೋಡಿಕೊಳ್ಳದ ಗಡ್ಡದ ಮಾತೇ ಬೇರೆ.

ಅತಿ ಸಾಮಾನ್ಯ ತೊಂದರೆ ಹೊಟ್ಟು. ಬಿಳಿ ಅಂಗಿಯ ಎದೆಯ ಮೇಲೆ ಕಾಣದಿದ್ದರೂ ಕಪ್ಪು ಕೋಟಿನ ಮೇಲೆ ಕಾಣುತ್ತದೆ. ಚರ್ಮದ ಎಣ್ಣೆಯನ್ನು ತಿಂದು ಬದುಕುವ ಮಲಸೇಝಿಯಾ ಎಂಬ ಸೂಕ್ಷ್ಮ ಶಿಲೀಂಧ್ರ ಇದಕ್ಕೆ ಮುಖ್ಯ ಕಾರಣ. ಇಲ್ಲಿಯೇ ನಮ್ಮವರು ಎಡವುವುದು. ತುರಿಕೆ ಶುರುವಾದೊಡನೆ ಒಣಗಿದೆ ಎಂದುಕೊಂಡು ಝೈತೂನ್ ಎಣ್ಣೆ ಹಚ್ಚುತ್ತಾರೆ, ಬರಕತ್ ಇದೆ ಎಂಬ ನಂಬಿಕೆಯಿಂದ. ಪ್ರಯೋಗಾಲಯಗಳಲ್ಲಿ ಈ ಶಿಲೀಂಧ್ರವನ್ನು ಬೆಳೆಸಲು ಬಳಸುವುದೂ ಇದೇ ಆಲಿವ್ ಎಣ್ಣೆಯನ್ನೇ! ಆರೋಗ್ಯವಾಗಿರುವ ಗಡ್ಡಕ್ಕೆ ಎರಡು ಹನಿ ಎಣ್ಣೆ ಹಚ್ಚಿದರೆ ತೊಂದರೆಯಿಲ್ಲ. ಹೊಟ್ಟು ಉದುರುವ ಗಡ್ಡಕ್ಕೆ ಬೇಡ. ಅದಕ್ಕೆ ವೈದ್ಯರು ಸಾಮಾನ್ಯವಾಗಿ ಕೀಟೋಕೊನಜೋಲ್ ಇರುವ ಶಾಂಪೂ ಬರೆದುಕೊಡುತ್ತಾರೆ. ವಾರಕ್ಕೆರಡು ಸಲ ಬುಡಕ್ಕೆ ತಾಗುವಂತೆ ಹಚ್ಚಿ ಮೂರರಿಂದ ಐದು ನಿಮಿಷ ಬಿಟ್ಟು ತೊಳೆಯಬೇಕು. ಗಡ್ಡ ತೆಗೆಯುವ ಪ್ರಶ್ನೆಯೇ ಇಲ್ಲ.

ಹೆಚ್ಚು ಗಂಭೀರವಾದುದು ಹುಳುಕಡ್ಡಿ. ಇದೂ ಶಿಲೀಂಧ್ರವೇ, ಆದರೆ ಅಂಟುಜಾಡ್ಯ. ಒಂದೇ ಟವೆಲು, ಒಂದೇ ಬಾಚಣಿಗೆಯಿಂದ ಮನೆಮಂದಿಗೆಲ್ಲ ಹಬ್ಬುತ್ತದೆ. ದನ ಸಾಕುವವರಿಗೆ ಕರುವಿನ ಮೈಯಿಂದಲೂ ಗಡ್ಡಕ್ಕೆ ಬರಬಹುದು. ನಾವು ಮಾಡುವುದೇನು? ಮೆಡಿಕಲ್ ಅಂಗಡಿಗೆ ಹೋಗಿ ಟ್ಯೂಬು ಕೇಳುತ್ತೇವೆ. ಹಾಗೆ ಸಿಗುವ ಎಷ್ಟೋ ಟ್ಯೂಬುಗಳಲ್ಲಿ ಶಿಲೀಂಧ್ರದ ಔಷಧದ ಜೊತೆ ಬಲವಾದ ಸ್ಟಿರಾಯ್ಡ್ ಬೆರೆಸಿರುತ್ತದೆ. ಎರಡೇ ದಿನದಲ್ಲಿ ತುರಿಕೆ ಮಾಯ. ವಾಸಿಯಾಯಿತೆಂದು ಬಿಟ್ಟರೆ ವಾರದಲ್ಲಿ ದುಪ್ಪಟ್ಟಾಗಿ ಮರಳುತ್ತದೆ, ಏಕೆಂದರೆ ಸ್ಟಿರಾಯ್ಡ್ ಅಡಗಿಸಿದ್ದು ಉರಿಯನ್ನು ಮಾತ್ರ, ಶಿಲೀಂಧ್ರವನ್ನಲ್ಲ. ತಿಂಗಳುಗಟ್ಟಲೆ ಹಚ್ಚಿದರೆ ಮುಖದ ಚರ್ಮ ತೆಳುವಾಗಿ ಕೆಂಪು ನರಗಳು ಕಾಣತೊಡಗುತ್ತವೆ. 2018ರಲ್ಲಿ ಕೇಂದ್ರ ಸರಕಾರ ಇಂಥ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದ ಪಟ್ಟಿಗೆ ಸೇರಿಸಿತು. ಆದರೂ ಕೇಳಿದರೆ ಕೈಗೆ ಬರುತ್ತದೆ. ಗಡ್ಡದ ಹುಳುಕಡ್ಡಿಗೆ ಬರಿ ಮುಲಾಮು ಸಾಲುವುದೂ ಇಲ್ಲ. ರೋಗ ಕೂದಲಿನ ಬುಡಕ್ಕಿಳಿದಿರುವುದರಿಂದ ವಾರಗಟ್ಟಲೆ ಮಾತ್ರೆ ಬೇಕು. ಇನ್ನು ಕೀವುಗುಳ್ಳೆ ಪದೇ ಪದೇ ಆಗುತ್ತಿದ್ದರೆ ಸಕ್ಕರೆ ಕಾಯಿಲೆಯ ಪರೀಕ್ಷೆಯನ್ನೂ ಮಾಡಿಸಬೇಕು.

ದಿನಕ್ಕೈದು ಬಾರಿ ವುಝೂ ಮಾಡುವ ನಮಗೆ ಇದೆಲ್ಲ ಏಕೆ ಬರಬೇಕು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಒದ್ದೆ ಬೆರಳುಗಳನ್ನು ಗಡ್ಡದೊಳಗೆ ಹಾಯಿಸುವುದು, ಅಂದರೆ ಖಿಲಾಲ್, ಸುನ್ನತ್. ಗಡ್ಡ ತೆಳ್ಳಗಿದ್ದರೆ ವುಝೂವಿನಲ್ಲೇ ನೀರು ಚರ್ಮಕ್ಕೆ ತಲುಪಬೇಕು. ಕಡ್ಡಾಯ ಸ್ನಾನದಲ್ಲಂತೂ ಎಂಥ ದಟ್ಟ ಗಡ್ಡವಾದರೂ ತಲುಪಲೇಬೇಕು. ನಮ್ಮಲ್ಲಿ ಎಷ್ಟು ಮಂದಿ ಅವಸರದಲ್ಲಿ ಮೇಲೆ ಮೇಲೆ ಕೈಯಾಡಿಸಿ ಎದ್ದುಬರುವುದಿಲ್ಲ? ತೊಳೆದ ಮೇಲೆ ಒರೆಸದೆ ಒದ್ದೆಯಾಗಿಯೇ ಬಿಟ್ಟರೆ ನಮ್ಮ ಕರಾವಳಿಯ ಸೆಕೆಗೆ ಶಿಲೀಂಧ್ರಕ್ಕೆ ಹಬ್ಬ. ಒರೆಸಲು ಸ್ವಂತ ಕರವಸ್ತ್ರ ಇರಲಿ. ಹೌಝಿನ ಪಕ್ಕ ಮೊಳೆಗೆ ತೂಗುಹಾಕಿದ ಸಾರ್ವಜನಿಕ ಟವೆಲನ್ನೂ ಕನ್ನಡಿಯ ಕೆಳಗಿನ ಬಾಚಣಿಗೆಯನ್ನೂ ಜಮಾಅತಿನವರು ಇಂದೇ ತೆಗೆದುಬಿಡುವುದು ಒಳ್ಳೆಯದು. ಕೆದರಿದ ತಲೆಗಡ್ಡದೊಂದಿಗೆ ಮಸೀದಿಗೆ ಬಂದ ಒಬ್ಬರಿಗೆ ಸರಿಪಡಿಸಿಕೊಂಡು ಬರುವಂತೆ ಪ್ರವಾದಿ(ಸ)ರು ಸನ್ನೆ ಮಾಡಿದ ಘಟನೆ ಇಮಾಮ್ ಮಾಲಿಕ್‌ರ ಮುವತ್ತಾದಲ್ಲಿದೆ. ಗಡ್ಡದ ಉದ್ದದ ಬಗ್ಗೆ ಗಂಟೆಗಟ್ಟಲೆ ಚರ್ಚಿಸುವ ನಾವು ಈ ಹದೀಸನ್ನು ಅಪರೂಪಕ್ಕೆ ಕೇಳುತ್ತೇವೆ.

ನರೆತ ಗಡ್ಡಕ್ಕೆ ಕಪ್ಪು ಬಣ್ಣ ಹಚ್ಚುವವರಿಗೆ ಒಂದು ಮಾತು. ಕಪ್ಪು ಹೇರ್ ಡೈಗಳಲ್ಲೂ 'ಕಪ್ಪು ಮೆಹಂದಿ' ಎಂದು ಮಾರುವ ಪುಡಿಗಳಲ್ಲೂ ಸಾಮಾನ್ಯವಾಗಿ ಪಿ.ಪಿ.ಡಿ. ಎಂಬ ರಾಸಾಯನಿಕವಿರುತ್ತದೆ. ಅಪ್ಪಟ ಮೆಹಂದಿ ಕಪ್ಪಾಗುವುದಿಲ್ಲ, ಕೆಂಗಂದಾಗುತ್ತದೆ. ಪಿ.ಪಿ.ಡಿ. ಒಗ್ಗದವರಿಗೆ ಮುಖ ಊದಿ ನೀರು ಸುರಿಯುತ್ತದೆ. ವರ್ಷಗಟ್ಟಲೆ ಒಗ್ಗಿದ್ದೂ ಒಂದು ದಿನ ಒಗ್ಗದೆ ಹೋಗಬಹುದು. ಕಪ್ಪು ಬಿಟ್ಟು ಬೇರೆ ಬಣ್ಣ ಹಚ್ಚಿರೆಂಬ ಪ್ರವಾದಿ ವಚನ ಇಲ್ಲಿ ಮುಖವನ್ನೂ ಕಾಪಾಡುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಮಾತ್ರ ಹುಡುಗರ ವಿಷಯ. ಹದಿನೆಂಟು ಇಪ್ಪತ್ತರ ಹುಡುಗರು ಗಡ್ಡ ದಟ್ಟವಾಗಲೆಂದು ಮಿನಾಕ್ಸಿಡಿಲ್ ಹಚ್ಚುತ್ತಿದ್ದಾರೆ. ಅದು ತಲೆಗೂದಲಿಗೆಂದು ಬಂದ ಔಷಧ, ಮೂಲದಲ್ಲಿ ರಕ್ತದೊತ್ತಡದ ಮಾತ್ರೆ. ಮುಖದ ಚರ್ಮದಿಂದ ರಕ್ತಕ್ಕೆ ಸೇರಿ ಎದೆಬಡಿತ, ತಲೆಸುತ್ತು ಬರಬಹುದು. ಅದನ್ನು ಹಚ್ಚಿದ ಅಪ್ಪಂದಿರ ಚರ್ಮ ತಾಗಿ ಎಳೆಕೂಸುಗಳ ಮೈಯೆಲ್ಲ ರೋಮ ಬೆಳೆದ ಪ್ರಕರಣಗಳು ಯುರೋಪಿನಲ್ಲಿ ವರದಿಯಾದ ಮೇಲೆ 2024ರಲ್ಲಿ ಅಲ್ಲಿನ ಔಷಧ ನಿಯಂತ್ರಕರು ಎಚ್ಚರಿಕೆ ಕೊಟ್ಟರು. ಗಡ್ಡ ಎಷ್ಟು ಬರಬೇಕೆಂಬುದು ಹೆಚ್ಚಾಗಿ ವಂಶವಾಹಿಯ ಲೆಕ್ಕ. ಕೆಲವರಿಗೆ ಮೂವತ್ತರ ತನಕ ತುಂಬುತ್ತಲೇ ಇರುತ್ತದೆ. ಬಾರದ ಗಡ್ಡಕ್ಕೆ ಯಾರೂ ಉತ್ತರ ಹೇಳಬೇಕಿಲ್ಲ. ಮದುವೆ ಮನೆಯಲ್ಲಿ ನಾಲ್ಕು ಜನರೆದುರು ಹುಡುಗನ ಗಲ್ಲ ಹಿಡಿದು ತಮಾಷೆ ಮಾಡುವ ಮಾವಂದಿರೇ ಅವನನ್ನು ಆ ಸೀಸೆಯ ಕಡೆ ತಳ್ಳುವವರು.

ಒಂದು ಕೊರತೆ ಮಾತ್ರ ಎಷ್ಟು ಶುಚಿಯಾಗಿದ್ದರೂ ತಪ್ಪುವುದಿಲ್ಲ. ಎನ್-95 ಮಾಸ್ಕ್ ಗಡ್ಡದ ಮೇಲೆ ಬಿಗಿಯಾಗಿ ಕೂರದು. ಅಂಚಿನಿಂದ ಗಾಳಿ ನುಸುಳುತ್ತದೆ. ಕ್ಷಯರೋಗಿಗಳ ವಾರ್ಡಿನಲ್ಲಿ, ಕಲ್ಲು ಕತ್ತರಿಸುವಲ್ಲಿ, ಸ್ಪ್ರೇ ಪೇಂಟಿಂಗಿನಲ್ಲಿ ದುಡಿಯುವ ನಮ್ಮ ಸಹೋದರರು ಮಾಸ್ಕ್ ಇದೆಯಲ್ಲ ಎಂದು ನಿಶ್ಚಿಂತರಾಗಿರುವಂತಿಲ್ಲ. ಕೊರೋನಾ ಕಾಲದಲ್ಲಿ ಬ್ರಿಟನ್ನಿನ ಸಿಖ್ ವೈದ್ಯರು ಗಡ್ಡವನ್ನು ರಬ್ಬರ್ ಪಟ್ಟಿಯಿಂದ ಬಿಗಿದು ಅದರ ಮೇಲೆ ಮಾಸ್ಕ್ ಧರಿಸುವ ವಿಧಾನವನ್ನು ರೂಢಿಸಿಕೊಂಡರು. ತಲೆಯನ್ನೇ ಮುಚ್ಚಿ ಶುದ್ಧ ಗಾಳಿ ಊದುವ ಮುಸುಕುಗಳೂ ಇವೆ, ಬೆಲೆ ದುಬಾರಿ. ಅದನ್ನು ಒದಗಿಸಿರೆಂದು ಮಾಲೀಕರನ್ನು ಕೇಳಲು ಸಂಕೋಚಪಡಬೇಕಾಗಿಲ್ಲ.