ಸ್ಮರಣ ಸಂಚಿಕೆಯೇ ಚರಿತ್ರೆಯಲ್ಲ

ನಮ್ಮ ಧರ್ಮಕೇಂದ್ರಗಳ ಜುಬಿಲಿ ಸಂಚಿಕೆಗಳನ್ನು ತೆರೆದು ನೋಡಿ. ಶುಭಾಶಯಗಳು, ಭಾವಚಿತ್ರಗಳು, ದಾನಿಗಳ ಪಟ್ಟಿ, ಜಾಹೀರಾತು. ನಡುವೆ ಎರಡು ಪುಟದ ‘ಚರಿತ್ರೆ’: ಯಾವ ಗುರುಗಳು ಯಾವ ವರ್ಷ ಏನನ್ನು ಕಟ್ಟಿಸಿದರೆಂಬುದಷ್ಟೇ. ಕಲ್ಲು ಹೊತ್ತವರು, ಮಕ್ಕಳಿಗೆ ಜಪ ಕಲಿಸಿದ ತಾಯಂದಿರು, ದೇವಾಲಯದ ಹಿಂಬದಿಯಲ್ಲೇ ನಿಂತುಹೋದ ಬಡವರು ಅದರಲ್ಲಿಲ್ಲ.

ಹಳೆಯ ಜಗಳಗಳನ್ನು ಬರೆದರೆ ಭಕ್ತಿ ಕುಂದೀತು ಎನ್ನುವವರಿದ್ದಾರೆ. ಹಾಗಾದರೆ ಸಂತ ಲೂಕರು ತಪ್ಪು ಮಾಡಿದರೇ? ಧರ್ಮಸಭೆಯ ಮೊದಲ ಚರಿತ್ರೆಯಾದ ‘ಪ್ರೇಷಿತರ ಕಾರ್ಯಕಲಾಪಗಳು’ ಗ್ರಂಥದಲ್ಲಿ ಅವರು, ದೈನಂದಿನ ಹಂಚಿಕೆಯಲ್ಲಿ ಕಡೆಗಣಿಸಲ್ಪಟ್ಟ ವಿಧವೆಯರ ಅಳಲನ್ನಾಗಲಿ, ಪೌಲ-ಬಾರ್ನಬರು ವಾದಿಸಿ ಅಗಲಿದುದನ್ನಾಗಲಿ ಮರೆಮಾಚಲಿಲ್ಲ. ಊದಾಬಣ್ಣದ ವಸ್ತ್ರ ಮಾರುತ್ತಿದ್ದ ಲಿಡಿಯಳ ಹೆಸರನ್ನೂ ಬಿಡಲಿಲ್ಲ. ಅದನ್ನೋದಿ ಯಾರ ವಿಶ್ವಾಸ ಕುಂದಿತು?

1563ರಲ್ಲಿ ಟ್ರೆಂಟ್ ಮಹಾಸಭೆಯು ವಿವಾಹಗಳನ್ನು ದಾಖಲೆ ಪುಸ್ತಕದಲ್ಲಿ ಬರೆದಿಡುವ ಹೊಣೆಯನ್ನು ಧರ್ಮಕೇಂದ್ರದ ಗುರುಗಳಿಗೆ ವಹಿಸಿತು. ಅಂತಹ ಪುಸ್ತಕಗಳನ್ನು ಗೆದ್ದಲಿಗೆ ಬಿಟ್ಟು ಹೊಳಪಿನ ಕಾಗದದಲ್ಲಿ ನಮ್ಮ ಭಾವಚಿತ್ರ ಅಚ್ಚುಹಾಕಿಸುವ ನಾವು ಆ ಹೊಣೆಗೆ ತಪ್ಪಿದ್ದೇವೆ. ಇಂತಹ ಸಂಚಿಕೆಯೊಂದನ್ನು ಸಂಪಾದಿಸಿದ ನಾನೂ ಇದರಲ್ಲಿ ಪಾಲುಗಾರ.

ಪ್ರಿಯರೇ, ಮುಂದಿನ ಜುಬಿಲಿಗೆ ಕಾಯಬೇಡಿ. ಇಂದೇ ಮನೆಯ ಹಿರಿಯರ ಬಳಿ ಕುಳಿತು, ಅವರು ಹೇಳಿದುದನ್ನು ಹೇಳಿದಂತೆಯೇ ಬರೆದಿಡಿ. ಅವರು ಅಗಲಿದ ಮೇಲೆ ನಮಗೆ ಉಳಿಯುವುದು ದಾನಿಗಳ ಪಟ್ಟಿಯಷ್ಟೇ.