ಸದ್ದು ನಿಮ್ಮದು, ನಿದ್ದೆ ಮನೆಯವರದು

ವಾಟರ್ ಕೂಲಿಂಗ್ ಹಾಕಿಸಿದರೆ ಕಂಪ್ಯೂಟರ್ ಸದ್ದು ಮಾಡಲ್ಲ ಅಂತ ನಂಬಿರುವವರು ನಮ್ಮ ಐಟಿ ಮಂದಿಯಲ್ಲಿ ಬೇಕಾದಷ್ಟಿದ್ದಾರೆ. ಆದರೆ ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳಾ ಅನ್ನೋ ಹಾಗೆ, ನೀರಿಗೆ ಬಂದ ಬಿಸಿ ಗಾಳಿಗೆ ಬರಲೇಬೇಕು. ನೀರು ಪ್ರೊಸೆಸರಿನ ಬಿಸಿಯನ್ನು ರೇಡಿಯೇಟರ್‌ವರೆಗೆ ಹೊತ್ತು ತರುತ್ತೆ, ಅಷ್ಟೇ. ಅಲ್ಲಿಂದಾಚೆಗೆ ದೂಡುವ ಕೆಲಸ ಫ್ಯಾನಿನದು. ಸದ್ದಿನ ಬಹುಪಾಲೂ ಅದರದೇ.

ಸ್ವಲ್ಪ ಲೆಕ್ಕ ಹಾಕೋಣ. ಬಿಇ ಓದಿದ್ದಕ್ಕೆ ಇಷ್ಟಾದರೂ ಪ್ರಯೋಜನ ಆಗಲಿ. ಒಂದು ಫ್ಯಾನಿನ ಪಕ್ಕ ಅಂಥದ್ದೇ ಇನ್ನೊಂದನ್ನು ಅದೇ ವೇಗದಲ್ಲಿ ಓಡಿಸಿದರೆ ಸದ್ದು ಏರುವುದು ಸುಮಾರು 3 ಡೆಸಿಬೆಲ್. ವೇಗವನ್ನು ಅರ್ಧಕ್ಕೆ ಇಳಿಸಿದರೆ ಸದ್ದು ಇಳಿಯುವುದು ಸುಮಾರು 15 ಡೆಸಿಬೆಲ್, ಗಾಳಿ ಅರ್ಧ. ಅಂದರೆ 1,400 ಆರ್‌ಪಿಎಂನ ಎರಡು ಫ್ಯಾನಿನ ಬದಲು 700ರಲ್ಲಿ ನಾಲ್ಕು ಓಡಿಸಿದರೆ ಗಾಳಿ ಹೆಚ್ಚುಕಮ್ಮಿ ಅಷ್ಟೇ, ಸದ್ದು 12 ಡೆಸಿಬೆಲ್ ಕಮ್ಮಿ. ಕಿವಿಗೆ ಅದು ಅರ್ಧಕ್ಕಿಂತ ಕಮ್ಮಿ ಸದ್ದು. ಷರತ್ತು ಒಂದೇ: ನಾಲ್ಕೂ ಅಕ್ಕಪಕ್ಕ ಇರಬೇಕು, ಪ್ರತಿಯೊಂದಕ್ಕೂ ಅದರದೇ ಆದ ರೇಡಿಯೇಟರ್ ಜಾಗ ಬೇಕು.

ಮಾರುವವರು ಈ ಷರತ್ತನ್ನೇ ನುಂಗಿಬಿಡುತ್ತಾರೆ. 240 ಮಿಲಿಮೀಟರಿನ ತೆಳು ರೇಡಿಯೇಟರ್‌ಗೆ ಹಿಂದೊಂದು ಜೊತೆ, ಮುಂದೊಂದು ಜೊತೆ ಫ್ಯಾನ್ ಬಿಗಿದು ‘ಪುಶ್-ಪುಲ್ ಸಾರ್, ಡಬಲ್ ಕೂಲಿಂಗ್’ ಅಂತಾರೆ. ಡಬಲ್ ಎಲ್ಲಿಂದ ಬಂತು? ಒಂದರ ಹಿಂದೊಂದು ನಿಂತ ಫ್ಯಾನುಗಳು ಅದೇ ಕಿಂಡಿಯಲ್ಲಿ ಅದೇ ಗಾಳಿಯನ್ನು ದೂಡುತ್ತವೆ. ಒತ್ತಡ ಹೆಚ್ಚುತ್ತೆ, ಜಾಗ ಹೆಚ್ಚಲ್ಲ. ದಪ್ಪನೆಯ, ಒತ್ತೊತ್ತಾದ ರೇಡಿಯೇಟರ್ ಇದ್ದರೆ ಅದಕ್ಕೊಂದು ಅರ್ಥ ಇದೆ. ತೆಳ್ಳಗಿನದಕ್ಕೆ ಅದೇ ದುಡ್ಡಿನಲ್ಲಿ ದೊಡ್ಡ ರೇಡಿಯೇಟರ್ ಕೊಳ್ಳಿ. 240ಕ್ಕಿಂತ 280ರಲ್ಲಿ ಶೇ 36ರಷ್ಟು, 360ರಲ್ಲಿ ಶೇ 50ರಷ್ಟು ಹೆಚ್ಚು ಜಾಗ ಸಿಗುತ್ತೆ. ಅದು ಬಿಟ್ಟು ಬಣ್ಣಬಣ್ಣದ ದೀಪದ ಫ್ಯಾನಿಗೆ ದುಡ್ಡು ಸುರಿಯೋದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಮುಡಿದ ಹಾಗೆ.

ಇನ್ನು ಫ್ಯಾನು ರೇಡಿಯೇಟರಿನ ಯಾವ ಕಡೆ ಇರಬೇಕು? ಗಾಳಿ ತಳ್ಳುವ ಹಾಗಿಟ್ಟರೂ ಎಳೆಯುವ ಹಾಗಿಟ್ಟರೂ ತಣಿಸುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇರುವುದು ಧೂಳಿನಲ್ಲಿ. ತಳ್ಳುವ ಫ್ಯಾನಾದರೆ ಧೂಳು ಫ್ಯಾನಿಗೂ ರೇಡಿಯೇಟರ್‌ಗೂ ನಡುವೆ, ಕಣ್ಣಿಗೆ ಕಾಣದ ಕಡೆ ಕೂರುತ್ತೆ. ಸ್ಕ್ರೂ ಬಿಚ್ಚದೆ ತೆಗೆಯೋಕಾಗಲ್ಲ. ಎಳೆಯುವ ಫ್ಯಾನಾದರೆ ಧೂಳು ಎದುರಿಗೇ ಇರುತ್ತೆ, ಬ್ರಶ್ಶಿನಲ್ಲಿ ಗುಡಿಸಿದರಾಯಿತು. ಹಳ್ಳಿಯಲ್ಲಿ ಟ್ರ್ಯಾಕ್ಟರ್ ನೋಡಿ ಬೆಳೆದವರಿಗೆ ಇದು ಹೊಸದಲ್ಲ. ಅಲ್ಲಿ ಫ್ಯಾನು ರೇಡಿಯೇಟರಿನ ಹಿಂದಿರುತ್ತೆ. ಸುಗ್ಗಿಯಲ್ಲಿ ಹೊಟ್ಟು ಬಂದು ಮೆತ್ತಿಕೊಂಡರೆ ಮುಂದಿನಿಂದ ಬಡಿದು ಊದುತ್ತಾರೆ. ಬೀದಿಗೆರಡು ಕಟ್ಟಡ ಏಳುತ್ತಿರುವ ಬೆಂಗಳೂರಿನಲ್ಲಿ ನಮಗೂ ಇದೇ ಸರಿ. ಧೂಳು ಕಟ್ಟಿದ ರೇಡಿಯೇಟರ್ ಫ್ಯಾನನ್ನು ಇನ್ನಷ್ಟು ಜೋರಾಗಿ ಓಡಿಸುತ್ತೆ, ಆಮೇಲೆ ಯಾವ ಲೆಕ್ಕವೂ ಉಳಿಯಲ್ಲ.

ಎಲ್ಲಕ್ಕಿಂತ ದೊಡ್ಡ ಪೆದ್ದುತನ ಫ್ಯಾನಿನ ವೇಗವನ್ನು ಪ್ರೊಸೆಸರ್ ಉಷ್ಣತೆಗೆ ಕಟ್ಟಿಹಾಕುವುದು. ಬ್ರೌಸರ್ ತೆರೆದರೆ ಸಾಕು, ಚಿಪ್ಪು ಒಂದೇ ಸೆಕೆಂಡಿನಲ್ಲಿ ಜಿಗಿಯುತ್ತೆ. ಫ್ಯಾನು ಭೋರ್ ಅನ್ನುತ್ತೆ, ಸುಮ್ಮನಾಗುತ್ತೆ, ಮತ್ತೆ ಭೋರ್. ನೀರಿಗೆ ಇಷ್ಟು ಅವಸರ ಇಲ್ಲ. 200 ವ್ಯಾಟ್ ಬಿಸಿ ಒಂದು ಲೀಟರ್ ನೀರನ್ನು 1 ಡಿಗ್ರಿ ಏರಿಸಲು ಸುಮಾರು 21 ಸೆಕೆಂಡ್ ಬೇಕು. ರೆಡಿಮೇಡ್ ಕಿಟ್ಟುಗಳಲ್ಲಿ ನೀರು ಇದಕ್ಕಿಂತ ಕಮ್ಮಿ, ಆದರೂ ಮಾತು ಅದೇ. ನೀರಿನ ಉಷ್ಣತೆ ತೋರಿಸುವ ಸೆನ್ಸರ್ ಇದ್ದರೆ ಫ್ಯಾನನ್ನು ಅದಕ್ಕೆ ಕಟ್ಟಿ. ಇಲ್ಲದಿದ್ದರೆ ಬಯಾಸ್‌ನಲ್ಲಿ ವೇಗ ಏರುವುದನ್ನು ತಡಮಾಡುವ ಆಯ್ಕೆ ಇದೆಯೇ ನೋಡಿ. ಆದರೆ ತಣ್ಣನೆಯ ದೇಶದವರ ವಿಡಿಯೋ ನೋಡಿ ಅವರ ಅಂಕಿಗಳನ್ನು ಹಾಗೇ ಇಳಿಸಿಕೊಳ್ಳಬೇಡಿ. ನೀರು ಕೋಣೆಯ ಗಾಳಿಗಿಂತ ತಣ್ಣಗಾಗಲು ಸಾಧ್ಯವಿಲ್ಲ. ಮೇ ತಿಂಗಳ ಕಲಬುರಗಿಯಲ್ಲಿ ಆ ಅಂಕಿಗಳು ನಡೆಯಲ್ಲ.

ಒಂದು ಪುಟ್ಟ ಮಾತು: ಪಂಪು ಇಡೀ ಸುತ್ತಿನ ಅತಿ ಎತ್ತರದ ಜಾಗದಲ್ಲಿ ಇರಬಾರದು. ಒಳಗಿನ ಗಾಳಿಗುಳ್ಳೆ ಮೇಲೇರಿ ಅಲ್ಲೇ ಸೇರಿಕೊಂಡರೆ ಗುಳುಗುಳು ಸದ್ದು ನಿಲ್ಲಲ್ಲ.

‘ಫ್ಯಾನ್ ನಿಧಾನ ಮಾಡಿದರೆ 5 ಡಿಗ್ರಿ ಜಾಸ್ತಿ ಆಗುತ್ತಲ್ಲ?’ ಆಗಲಿ ಬಿಡಿ. ಎಎಂಡಿಯ ರೈಜೆನ್ 7000 ಸರಣಿಯ ಪ್ರೊಸೆಸರುಗಳನ್ನು 95 ಡಿಗ್ರಿಯಲ್ಲೂ ಓಡುವಂತೆಯೇ ಮಾಡಿದ್ದಾರೆ. 65ಕ್ಕೂ 70ಕ್ಕೂ ಇರುವ ಅಂತರ ಸ್ಕ್ರೀನ್‌ಶಾಟ್ ಹಾಕಿ ಬೀಗೋದಕ್ಕೆ ಮಾತ್ರ ಬೇಕು.

‘ನಾನು ಹೆಡ್‌ಫೋನ್ ಹಾಕ್ಕೋತೀನಿ, ನನಗೆ ಕೇಳಿಸಲ್ಲ’ ಅನ್ನುವವರ ಮೇಲೆ ನನಗೆ ನಿಜವಾದ ಸಿಟ್ಟು. ನಿಮಗೆ ಕೇಳಿಸಲ್ಲ, ಸರಿ. ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ರಾತ್ರಿ ಹನ್ನೊಂದಕ್ಕೆ ನೀವು ಬಿಲ್ಡ್ ಓಡಿಸುವಾಗ ಗೋಡೆಯಾಚೆ ಮಗು ಮಲಗಿರುತ್ತೆ, ಊರಿಂದ ಬಂದ ಅಮ್ಮ ಮಲಗಿರುತ್ತಾರೆ. ಮಗನ ಕೆಲಸಕ್ಕೆ ತೊಂದರೆ ಆಗಬಾರದು ಅಂತ ಅವರು ಬಾಯಿಬಿಟ್ಟು ಹೇಳಲ್ಲ. ಇವತ್ತೇ ಬಯಾಸ್ ತೆರೆದು ವೇಗ ಇಳಿಸಿ. ಸದ್ದು ಕಮ್ಮಿ ಆಯಿತಾ ಅನ್ನೋದನ್ನು ಬೆಳಿಗ್ಗೆ ಅವರನ್ನೇ ಕೇಳಿ, ಆ್ಯಪನ್ನಲ್ಲ.