ಕೊಂದರೆ ಮೊಡವೆ ಹೋದೀತೆ?

ಬ್ಯಾಕ್ಟೀರಿಯಾವನ್ನೂ ಶಿಲೀಂಧ್ರವನ್ನೂ ಕೊಲ್ಲುತ್ತದೆ ಎಂಬ ಮಾತು ಮೊಡವೆ ಕ್ರೀಮಿನ ಡಬ್ಬಿಯ ಮೇಲಿದ್ದರೆ ಕೊಳ್ಳುವವರಿಗೆ ಏನೋ ಧೈರ್ಯ. ಮಾತು ಸುಳ್ಳಿರಲಾರದು. ಆದರೆ ಕ್ರೀಮಿನ ಯೋಗ್ಯತೆಯನ್ನು ಅದರಿಂದಲೇ ಅಳೆಯುವುದರ ಬಗ್ಗೆ ನನ್ನದೊಂದು ಸಣ್ಣ ತಕರಾರಿದೆ.

ನಾವು ಆರೋಪ ಹೊರಿಸುವ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಒಂದೂ ಮೊಡವೆಯಿಲ್ಲದ ಮುಖದಲ್ಲೂ ಹೇರಳವಾಗಿರುತ್ತದೆ. ಚರ್ಮದ ಎಣ್ಣೆಯನ್ನು ಒಡೆದು ಅದು ಬಿಡುವ ಕೊಬ್ಬಿನಾಮ್ಲಗಳು ಚರ್ಮದ ಆಮ್ಲೀಯತೆ ಕಾಯುತ್ತವೆ, ಬೇರೆ ಪುಂಡ ರೋಗಾಣುಗಳನ್ನು ದೂರವಿಡಲು ನೆರವಾಗುತ್ತವೆ. ತೊಂದರೆ ಶುರುವಾಗುವುದು ಹರೆಯದ ಹಾರ್ಮೋನುಗಳಿಂದ ಎಣ್ಣೆ ಉಕ್ಕಿ, ಸತ್ತ ಜೀವಕೋಶಗಳು ರೋಮರಂಧ್ರದ ಬಾಯಿ ಕಟ್ಟಿದಾಗ. ಆಮ್ಲಜನಕ ಸುಳಿಯದ ಆ ಇಕ್ಕಟ್ಟಿನಲ್ಲಿ ಈ ಬ್ಯಾಕ್ಟೀರಿಯಾದ ಕೆಲವು ತಳಿಗಳು ಮೇಲುಗೈ ಪಡೆಯುತ್ತವೆ. ದೇಹ ಕೆರಳಿ ಗುಳ್ಳೆ ಕೆಂಪಾಗುತ್ತದೆ.

ಮೊಡವೆಗೆ ಹಚ್ಚುವ ಬೆಂಜಾಯ್ಲ್ ಪೆರಾಕ್ಸೈಡ್ ಇಲ್ಲಿಗೇ ನುಗ್ಗಿ ಆಮ್ಲಜನಕದ ಉಗ್ರ ಕಣಗಳನ್ನು ಬಿಡುತ್ತದೆ. ಟವೆಲಿನ ಬಣ್ಣ ಹಾರಿಸುವುದೂ ಇದೇ ಉತ್ಕರ್ಷಣ ಶಕ್ತಿ. ದಶಕಗಳ ಬಳಕೆಯ ನಂತರವೂ ಬ್ಯಾಕ್ಟೀರಿಯಾಗಳು ಇದಕ್ಕೆ ಪ್ರತಿರೋಧ ಬೆಳೆಸಿಕೊಂಡಿಲ್ಲ. ಕ್ಲಿಂಡಾಮೈಸಿನ್ ಎಂಬ ಆಂಟಿಬಯೋಟಿಕ್ ಒಂದನ್ನೇ ಹಚ್ಚಿದರೆ ಬೆಳೆಸಿಕೊಳ್ಳುತ್ತವೆ. ವೈದ್ಯರು ಎರಡನ್ನೂ ಜೋಡಿಸಿ ಕೊಡುವುದು ಅದಕ್ಕೇ. ಕೊಲ್ಲುವುದರಲ್ಲಿ ಇಷ್ಟು ಗಟ್ಟಿಯಾದ ಔಷಧ ಹೆಚ್ಚಿದಷ್ಟೂ ಒಳ್ಳೆಯದಿರಬೇಕಲ್ಲ? ಆದರೆ ಕೆಂಪು ಗುಳ್ಳೆಗಳ ಮೇಲೆ ಶೇಕಡಾ 2.5ರ ಜೆಲ್ ಮಾಡುವ ಕೆಲಸವನ್ನೇ ಶೇಕಡಾ 10ರದ್ದೂ ಮಾಡುತ್ತದೆ. ಹೆಚ್ಚುವರಿಯಾಗಿ ಸಿಗುವುದು ಉರಿ ಮತ್ತು ಸಿಪ್ಪೆ. ಇನ್ನು ಅಡಾಪಲಿನ್ ರೋಗಾಣುಗಳನ್ನು ಕೊಲ್ಲುವ ಔಷಧವೇ ಅಲ್ಲ, ರಂಧ್ರ ಕಟ್ಟಿಕೊಳ್ಳದಂತೆ ನೋಡಿಕೊಳ್ಳುತ್ತದೆ. ಆದರೂ ಮೊಡವೆ ಚಿಕಿತ್ಸೆಯಲ್ಲಿ ಅದಕ್ಕೆ ಮೊದಲ ಪಂಕ್ತಿ.

ಶಿಲೀಂಧ್ರದ ಕಥೆ ಬೇರೆ. ಹಣೆ, ಎದೆ, ಬೆನ್ನಿನಲ್ಲಿ ಒಂದೇ ಗಾತ್ರದ, ತುರಿಸುವ ಗುಳ್ಳೆಗಳೆದ್ದರೆ ಅದು ಮೊಡವೆಯಲ್ಲದೆ ಮಲಸೀಜಿಯಾ ಎಂಬ ಶಿಲೀಂಧ್ರದ ಕಾಟವಿರಬಹುದು. ಅದಕ್ಕೆ ಕೀಟೊಕೊನಜೋಲ್‌ನಂಥ ಔಷಧ ಸರಿ. ಆಂಟಿಬಯೋಟಿಕ್ ಕೊಟ್ಟರೆ ಉಲ್ಬಣಿಸುವುದೂ ಉಂಟು. ಯಾವುದೆಂದು ನೋಡದೆ ಎರಡಕ್ಕೂ ಇರಲಿ ಎಂದು ಹಚ್ಚುವುದು ಜಾಣತನದಂತೆ ಕಾಣುತ್ತದೆ. ನಮ್ಮ ಮೆಡಿಕಲ್ ಶಾಪುಗಳಲ್ಲಿ ಮಿಶ್ರಣದ ಕ್ರೀಮುಗಳು ಬಿಕರಿಯಾಗುವುದು ಇದೇ ನಂಬಿಕೆಯ ಮೇಲೆ. ಅವುಗಳ ಪೈಕಿ ಹಲವುಗಳಲ್ಲಿ ಬೀಟಾಮೆಥಾಸೋನ್ ಅಥವಾ ಕ್ಲೋಬೆಟಸಾಲ್ ಎಂಬ ಸ್ಟೀರಾಯ್ಡ್ ಇರುತ್ತದೆ. ಹಚ್ಚಿದ ಕೆಲವೇ ದಿನಗಳಲ್ಲಿ ಕೆಂಪು ಇಳಿಯುವುದರಿಂದ ಜನ ಮೆಚ್ಚುತ್ತಾರೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಬ್ಯಾಕ್ಟೀರಿಯಾ ಕೊಲ್ಲುವ ಔಷಧ ಆ ಟ್ಯೂಬಿನಲ್ಲಿದೆ, ಶಿಲೀಂಧ್ರ ಕೊಲ್ಲುವುದೂ ಇದೆ. ತಿಂಗಳುಗಟ್ಟಲೆ ಹಚ್ಚಿದರೆ ತಾನೇ ಮೊಡವೆ ಎಬ್ಬಿಸುವ ಸ್ಟೀರಾಯ್ಡೂ ಅದರಲ್ಲೇ ಇದೆ.